ಸಿಎಜಿ ವರದಿ ಬಂತು ಅಂದರೆ ಏನು ಬಂದ ಹಾಗೆ?

2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲದ ಮುಂದೆ ಒಂದು ವರದಿ ಬಂತು. 2023-24ರಲ್ಲಿ ರಾಜ್ಯ ಸರ್ಕಾರ ಮಾಡಿದ ರೆವಿನ್ಯೂ ವೆಚ್ಚದಲ್ಲಿ, ಅಂದರೆ ಸಂಬಳ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿನಲ್ಲಿ, ಶೇ 15ರಷ್ಟು ಐದು ಗ್ಯಾರಂಟಿ ಯೋಜನೆಗಳಿಗೆ ಹೋಗಿದೆ, ಆ ವರ್ಷ ಮಾರುಕಟ್ಟೆಯಿಂದ ತಂದ ನಿವ್ವಳ ಸಾಲ ಸುಮಾರು 63,000 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಇಂಥ ವರದಿ ಬಂದಾಗಲೆಲ್ಲ ಆಗುವುದು ಒಂದೇ. ವಿರೋಧ ಪಕ್ಷದವರು "ನೋಡಿ, ಸಿಎಜಿಯೇ ಹೇಳಿದೆ" ಅನ್ನುತ್ತಾರೆ. ಆಳುವ ಪಕ್ಷದವರು "ವರದಿಯನ್ನು ಪೂರ್ತಿ ಓದಿ" ಅನ್ನುತ್ತಾರೆ. ಮುಂದಿನ ಚುನಾವಣೆಯಲ್ಲಿ ಜಾಗ ಅದಲು ಬದಲಾದರೆ ಮಾತೂ ಅದಲು ಬದಲಾಗುತ್ತದೆ. ಇದೆಲ್ಲದರ ನಡುವೆ ಮನೆಯಲ್ಲಿ ಟಿವಿ ನೋಡುತ್ತಿರುವವರಿಗೆ ಒಂದು ಸರಳ ಪ್ರಶ್ನೆ ಉಳಿದೇ ಬಿಡುತ್ತದೆ: ಈ ಸಿಎಜಿ ಅಂದರೆ ಯಾರು? ಅವರು ಹೇಳಿದರೆ ಏನಾಗುತ್ತದೆ?

ಊರ ಹಬ್ಬದ ಲೆಕ್ಕ

ಊರ ಹಬ್ಬಕ್ಕೆ ಚಂದಾ ಎತ್ತುವುದನ್ನು ನೆನಪಿಸಿಕೊಳ್ಳಿ. ಊರವರೆಲ್ಲ ಸೇರಿ ಮನೆಗೆ ಇಷ್ಟು ಅಂತ ನಿಗದಿ ಮಾಡುತ್ತಾರೆ, ಯಾವುದಕ್ಕೆ ಎಷ್ಟು ಖರ್ಚು ಅಂತಲೂ ಮಾತಾಡಿಕೊಳ್ಳುತ್ತಾರೆ. ಆಮೇಲೆ ಸಮಿತಿಯವರು ಓಡಾಡಿ ಶಾಮಿಯಾನ, ಅಡುಗೆ, ವಾದ್ಯ ಎಲ್ಲದಕ್ಕೂ ದುಡ್ಡು ಕೊಡುತ್ತಾರೆ. ಹಬ್ಬ ಮುಗಿದು ವಾರವಾದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಲೆಕ್ಕ ಓದಬೇಕು. ಖರ್ಚು ಮಾಡಿದವರೇ ಲೆಕ್ಕ ಓದಿದರೆ ಕೇಳುವವರಿಗೆ ಏನೋ ಕಸಿವಿಸಿ. ಅದಕ್ಕೇ ಸಮಿತಿಯಲ್ಲಿ ಇಲ್ಲದ, ಯಾರ ಹಂಗೂ ಇಲ್ಲದ ಒಬ್ಬ ಮೇಷ್ಟ್ರನ್ನು ಹುಡುಕಿ "ಮೇಷ್ಟ್ರೇ, ಈ ಬಿಲ್ಲುಗಳನ್ನ ಒಂದ್ಸಲ ನೋಡ್ಬಿಡಿ" ಅನ್ನುತ್ತಾರೆ.

ಸರ್ಕಾರದ ಲೆಕ್ಕವೂ ಹೀಗೇ ನಡೆಯುತ್ತದೆ. ಚಂದಾ ಅಂದರೆ ನಾವು ಕಟ್ಟುವ ತೆರಿಗೆ. ಅದು ಹೋಗಿ ಸೇರುವ ದೊಡ್ಡ ಹುಂಡಿಗೆ ಸಂಚಿತ ನಿಧಿ ಎಂದು ಹೆಸರು. ಕಾನೂನಿನ ಪ್ರಕಾರ ಒಪ್ಪಿಗೆ ಸಿಗದೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಆ ಒಪ್ಪಿಗೆ ಕೊಡುವ ಊರ ಸಭೆಯೇ ವಿಧಾನಮಂಡಲ ಅಥವಾ ಸಂಸತ್ತು, ಕೇಳುವ ಕಾಗದವೇ ಬಜೆಟ್. ಖರ್ಚು ಮಾಡುವ ಸಮಿತಿ ಅಂದರೆ ಸರ್ಕಾರ. ಲೆಕ್ಕ ನೋಡುವ ಮೇಷ್ಟ್ರೇ ಸಿಎಜಿ. ಪೂರ್ತಿ ಹೆಸರು ಸ್ವಲ್ಪ ಉದ್ದ: ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು.

ಹುದ್ದೆ ಒಬ್ಬರದೇ ಆದರೂ ಅವರ ಕೈಕೆಳಗೆ ದೇಶದಾದ್ಯಂತ 40 ಸಾವಿರದ ಆಸುಪಾಸು ಸಿಬ್ಬಂದಿ ಇದ್ದಾರೆ. ಬೆಂಗಳೂರಿನಲ್ಲಿ ನಾವು 'ಎಜಿ ಆಫೀಸು' ಅನ್ನುತ್ತೇವಲ್ಲ, ಮಹಾಲೇಖಪಾಲರ ಕಚೇರಿ, ಅದು ಇವರದೇ ಕೊಂಬೆ. ನಿವೃತ್ತ ಸರ್ಕಾರಿ ನೌಕರರು ಪಿಂಚಣಿ ಕಾಗದಕ್ಕಾಗಿ ಸುತ್ತುವುದೂ ಅಲ್ಲಿಗೇ. ಹಾಗಾಗಿ ಎಷ್ಟೋ ಮನೆಗಳಲ್ಲಿ ಎಜಿ ಅಂದರೆ ಪಿಂಚಣಿ ಎಂದೇ ಅರ್ಥ. ಅದೇ ಇಲಾಖೆಯ ಇನ್ನೊಂದು ಕೈ ಆಡಿಟ್ ಮಾಡುತ್ತದೆ.

ಮೇಷ್ಟ್ರಿಗೆ ಯಾಕೆ ಯಾರ ಹಂಗೂ ಇರಬಾರದು

ಲೆಕ್ಕ ನೋಡುವವರ ಸಂಬಳ, ವರ್ಗಾವಣೆ ಎಲ್ಲ ಖರ್ಚು ಮಾಡುವವರ ಕೈಯಲ್ಲೇ ಇದ್ದರೆ ಆ ಲೆಕ್ಕವನ್ನು ಯಾರು ನಂಬುತ್ತಾರೆ? ಅದಕ್ಕೇ ಸಂವಿಧಾನ 148ರಿಂದ 151ರವರೆಗಿನ ವಿಧಿಗಳಲ್ಲಿ ಈ ಹುದ್ದೆಗೆ ಬೇಲಿ ಕಟ್ಟಿದೆ. ಸಿಎಜಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಆರು ವರ್ಷ ಅಥವಾ 65ನೇ ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ ಅಧಿಕಾರ. ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟದ ದಾರಿ. ಸಂಬಳ ನೇರವಾಗಿ ಸಂಚಿತ ನಿಧಿಯಿಂದ ಬರುತ್ತದೆ, ಅದರ ಮೇಲೆ ಸಂಸತ್ತಿನಲ್ಲಿ ಮತದಾನ ಇಲ್ಲ. ಅವಧಿ ಮುಗಿದ ಮೇಲೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬೇರೆ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ. ನನಗೆ ಈ ಕೊನೆಯದೇ ಜಾಣ ನಿಯಮ ಅನ್ನಿಸುತ್ತದೆ. ನಾಳೆ ಕುರ್ಚಿ ಕೊಡಬಲ್ಲವರ ಲೆಕ್ಕವನ್ನು ಇವತ್ತು ಗಟ್ಟಿಯಾಗಿ ನೋಡುವುದು ಯಾರಿಗಾದರೂ ಕಷ್ಟ, ಅಲ್ವಾ?

1949ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಅವರು, ಸಂವಿಧಾನದ ಅಡಿಯಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯವಾದ ಅಧಿಕಾರಿ ಇವರೇ ಎಂದಿದ್ದರು. ಬೇಲಿಯಲ್ಲಿ ಒಂದು ಸಂದು ಇದೆ ಎನ್ನುವವರೂ ಇದ್ದಾರೆ. ನೇಮಕಕ್ಕೆ ವಿರೋಧ ಪಕ್ಷದವರೂ ಕೂರುವ ಆಯ್ಕೆ ಸಮಿತಿ ಇಲ್ಲ. ಸರ್ಕಾರದ ಸಲಹೆಯ ಮೇಲೆಯೇ ನೇಮಕ ನಡೆಯುತ್ತದೆ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಬಾಗಿಲನ್ನೂ ತಟ್ಟಿದೆ.

ಹುದ್ದೆ ಮಾತ್ರ ಸ್ವಾತಂತ್ರ್ಯಕ್ಕಿಂತ ಹಳೆಯದು. 1860ರ ನವೆಂಬರ್ 16ರಂದು ಬ್ರಿಟಿಷರ ಕಾಲದಲ್ಲಿ ಮೊದಲ ಆಡಿಟರ್ ಜನರಲ್ ಅಧಿಕಾರ ವಹಿಸಿಕೊಂಡರು. ಈಗ ಅದೇ ದಿನವನ್ನು ಆಡಿಟ್ ದಿನವಾಗಿ ಆಚರಿಸುತ್ತಾರೆ.

ಒಂದು ರಸ್ತೆಯ ಕಾಗದಗಳು

ಆಡಿಟ್ ಅಂದರೆ ದಿಲ್ಲಿಯಲ್ಲಿ ಕೂತು ಬರೆಯುವ ಕೆಲಸ ಅಂದುಕೊಂಡರೆ ತಪ್ಪು. ಅದು ಶುರುವಾಗುವುದು ತಾಲ್ಲೂಕಿನ ಯಾವುದೋ ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ಒಂದು ಹಳ್ಳಿ ರಸ್ತೆಯನ್ನೇ ತೆಗೆದುಕೊಳ್ಳಿ. ಟೆಂಡರ್ ಕರೆದರು, ಗುತ್ತಿಗೆದಾರರು ಡಾಂಬರು ಹಾಕಿದರು, ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆದು ಸಹಿ ಹಾಕಿದರು, ಬಿಲ್ಲು ಖಜಾನೆಗೆ ಹೋಗಿ ಹಣ ಬಂತು. ಆಡಿಟ್ ಪಾರ್ಟಿ ಬಂದಾಗ ಈ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದಕ್ಕೊಂದು ಹೊಂದುತ್ತದಾ ನೋಡುತ್ತಾರೆ. ಅಂದಾಜು ಪಟ್ಟಿಯಲ್ಲಿ ಇದ್ದ ದರವೇ ಬಿಲ್ಲಿನಲ್ಲೂ ಇದೆಯಾ? ಟೆಂಡರಿಗೆ ಎಷ್ಟು ದಿನ ಸಮಯ ಕೊಟ್ಟಿದ್ದರು? ಒಂದೇ ರಸ್ತೆಗೆ ಎರಡು ಯೋಜನೆಗಳಲ್ಲಿ ದುಡ್ಡು ಬಿದ್ದಿದೆಯಾ? ಮಣ್ಣು ಹೊತ್ತಿದ್ದೇವೆ ಅಂತ ಬರೆದ ಗಾಡಿಯ ನಂಬರು ನಿಜವಾಗಿ ಲಾರಿಯದಾ ಅಥವಾ ಸ್ಕೂಟರಿನದಾ? ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಬಿಲ್ಲಿನಲ್ಲಿರುವ ಗಾಡಿ ನಂಬರುಗಳನ್ನು ಸಾರಿಗೆ ಇಲಾಖೆಯ ದಾಖಲೆ ಜೊತೆ ತಾಳೆ ನೋಡುವುದು ಆಡಿಟ್‌ನಲ್ಲಿ ಬಹಳ ಹಳೆಯ ವಿದ್ಯೆ.

ಅನುಮಾನ ಬಂದರೆ ಮೊದಲು ಆ ಕಚೇರಿಗೇ ಲಿಖಿತ ಪ್ರಶ್ನೆ ಹೋಗುತ್ತದೆ. ಉತ್ತರ ಸಮಾಧಾನ ಕೊಟ್ಟರೆ ವಿಷಯ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ತಪಾಸಣಾ ವರದಿಯಲ್ಲಿ ಅದು ಒಂದು ಕಂಡಿಕೆಯಾಗುತ್ತದೆ. ಸರ್ಕಾರಿ ಕಚೇರಿಗಳಲ್ಲಿ "ಆಡಿಟ್ ಪ್ಯಾರಾ ಬಿದ್ದಿದೆ" ಅಂತ ಪಿಸುಗುಡುವುದು ಇದಕ್ಕೇ. ಕಂಡಿಕೆಗೆ ಉತ್ತರ ಕೊಡಲು ಗಡುವು ಇರುತ್ತದೆ. ಅದರಲ್ಲಿ ಗಂಭೀರವಾದದ್ದು ಮಾತ್ರ ಮೇಲಕ್ಕೆ ಹೋಗಿ, ಇಲಾಖೆಯ ಕಾರ್ಯದರ್ಶಿಯಿಂದ ಮತ್ತೊಮ್ಮೆ ಉತ್ತರ ಕೇಳಿ, ಕೊನೆಗೆ ಸಿಎಜಿ ವರದಿಯಲ್ಲಿ ಸೇರುತ್ತದೆ. ನೂರಾರು ಕಚೇರಿಗಳಲ್ಲಿ ಎದ್ದ ಸಾವಿರಾರು ಪ್ರಶ್ನೆಗಳು ಹೀಗೆ ಸೋಸಿ ಸೋಸಿ ಕೆಲವೇ ಪುಟಗಳಿಗೆ ಇಳಿದಿರುತ್ತವೆ.

ಒಂದು ಮಾತು ನೆನಪಿಡಬೇಕು. ಆಡಿಟ್ ಅಂದರೆ ಎಲ್ಲ ಬಿಲ್ಲನ್ನೂ ನೋಡುವುದಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ಒಂದೆರಡು ಅಗುಳು ಹಿಸುಕುತ್ತೇವಲ್ಲ, ಹಾಗೆ. ಯಾವ ಜಿಲ್ಲೆ, ಯಾವ ವರ್ಷ, ಯಾವ ಕಚೇರಿ ಎಂದು ಆಯ್ದುಕೊಂಡು ನೋಡುತ್ತಾರೆ. ಹಾಗಾಗಿ ವರದಿಯಲ್ಲಿ ಒಂದು ಊರಿನ ಹೆಸರು ಇಲ್ಲ ಅಂದರೆ ಅಲ್ಲಿ ಎಲ್ಲ ಸರಿಯಿದೆ ಅಂತ ಅರ್ಥ ಅಲ್ಲ.

ಮೂರು ಬಗೆಯ ಪ್ರಶ್ನೆ

ಆಡಿಟರ್ ಕೇಳುವ ಪ್ರಶ್ನೆಗಳಲ್ಲಿ ಮೂರು ಜಾತಿ. ಬರೆದಿರುವ ಲೆಕ್ಕ ನಿಜವಾ ಅನ್ನುವುದು ಮೊದಲನೆಯದು, ಇದು ಹಣಕಾಸು ಆಡಿಟ್. ಖರ್ಚು ಮಾಡುವಾಗ ನಿಯಮ ಪಾಲಿಸಿದ್ದೀರಾ ಅನ್ನುವುದು ಎರಡನೆಯದು, ಇದು ಪಾಲನೆಯ ಆಡಿಟ್. ಮೂರನೆಯದು ಹೊಸತು, ಕಷ್ಟದ್ದು, ಜನರಿಗೆ ಹೆಚ್ಚು ಹತ್ತಿರದ್ದೂ ಹೌದು: ಅಷ್ಟು ಖರ್ಚು ಮಾಡಿದಿರಲ್ಲ, ಉಪಯೋಗ ಆಯಿತಾ? ಇದಕ್ಕೆ ಸಾಧನಾ ಆಡಿಟ್ ಎನ್ನಬಹುದು. ಹಬ್ಬದ ಮೇಷ್ಟ್ರು ಅಡುಗೆಯವರ ಬಿಲ್ಲು ನೋಡುವುದು ಮಾತ್ರ ಅಲ್ಲ, ಕೊನೇ ಪಂಕ್ತಿಯವರಿಗೂ ಊಟ ಸಿಕ್ಕಿತಾ ಅಂತ ಕೇಳಿದ ಹಾಗೆ.

ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆಯ ಬಗ್ಗೆ 2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂದ ವರದಿ ಈ ಮೂರನೇ ಜಾತಿಯದು. ಅದರಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು: 9999999999. ಫಾರಂ ತುಂಬುವಾಗ ಖಾಲಿ ಬಿಡಲು ಆಗದೆ ಯಾರೋ ಒಂಬತ್ತನ್ನೇ ಒತ್ತಿಕೊಂಡು ಹೋಗಿರಬಹುದು, ನಮ್ಮಲ್ಲೂ ಎಷ್ಟೋ ಜನ ಹೀಗೆ ಮಾಡಿದ್ದೇವೆ. ಚಿಕಿತ್ಸೆಗೆ ಗುರುತು ಹಿಡಿಯುವುದು ಆಧಾರ್ ಮೂಲಕ, ಮೊಬೈಲ್ ನಂಬರಿನಿಂದ ಅಲ್ಲ ಎಂದು ಸರ್ಕಾರ ಉತ್ತರ ಕೊಟ್ಟಿತು. ಎರಡೂ ಮಾತನ್ನು ಪಕ್ಕಪಕ್ಕ ಇಟ್ಟು ಓದಬೇಕು. ಆಡಿಟರ್ ಕೇಳಿದ್ದು ಕಳ್ಳತನದ ಪ್ರಶ್ನೆ ಮಾತ್ರ ಅಲ್ಲ, ಮಾಹಿತಿ ಇಷ್ಟು ಸಡಿಲವಾಗಿದ್ದರೆ ಯೋಜನೆ ಸರಿಯಾದವರಿಗೆ ತಲುಪುತ್ತಿದೆ ಅಂತ ತಿಳಿಯುವುದು ಹೇಗೆ ಅನ್ನುವುದು.

ನಾಳೆಯವರ ದುಡ್ಡು

ಈಗ ಆಡಿಟ್‌ಗೂ ನಂಟಿರುವ 'ಸುಸ್ಥಿರ ಆಡಳಿತ' ಎಂಬ ಭಾರದ ಮಾತಿಗೆ ಬರೋಣ. ಬಾಳಿಕೆ ಬರುವ ಆಡಳಿತ ಅಂದರೆ ಸಾಕು. ರೈತನ ಮನೆಯಲ್ಲಿ ಕಣಜದ ರಾಗಿ ಬೇರೆ, ಬಿತ್ತನೆಗೆ ಎತ್ತಿಟ್ಟ ರಾಗಿ ಬೇರೆ. ಎಷ್ಟೇ ಕಷ್ಟ ಬಂದರೂ ಬಿತ್ತನೆ ಬೀಜವನ್ನು ಬೀಸಿ ತಿನ್ನಬಾರದು. ಸರ್ಕಾರಗಳ ಬಿತ್ತನೆ ಬೀಜ ಅಂದರೆ ಕೆರೆ, ಕಾಡು, ಅಂತರ್ಜಲ, ಮಕ್ಕಳ ಶಾಲೆ, ಮತ್ತೆ ಮುಂದೆ ಸಾಲ ಹುಟ್ಟುವ ಶಕ್ತಿ.

ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾದಂಥ ಬೆಳೆಯುತ್ತಿರುವ ದೇಶಗಳಿಗೆ ಇದು ಇನ್ನೂ ನಾಜೂಕಿನ ವಿಷಯ. ನಮ್ಮಲ್ಲಿ ರಸ್ತೆ, ಚರಂಡಿ, ಆಸ್ಪತ್ರೆ ಎಷ್ಟೋ ಕಡೆ ಮೊದಲ ಸಲ ಕಟ್ಟುತ್ತಿದ್ದೇವೆ. ದುಡ್ಡು ಕಡಿಮೆ, ಅದರಲ್ಲೂ ಒಂದು ಪಾಲು ಸಾಲದ್ದು. ಶ್ರೀಮಂತ ದೇಶದಲ್ಲಿ ಒಂದು ಸೇತುವೆ ತಪ್ಪು ಜಾಗದಲ್ಲಿ ಬಂದರೆ ಇನ್ನೊಂದು ಕಟ್ಟುತ್ತಾರೆ. ಇಲ್ಲಿ ಇನ್ನೊಂದಕ್ಕೆ ಇಪ್ಪತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಮೊದಲಿನ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು 2030ರೊಳಗೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಒಪ್ಪುವುದು ಸುಲಭ. ಆ ಕೆಲಸಕ್ಕೆ ಹಣ, ಅಂಕಿ-ಅಂಶ, ಜವಾಬ್ದಾರಿ ಹೊತ್ತ ಇಲಾಖೆ ಎಲ್ಲ ಇದೆಯಾ ಎಂದು ನೋಡುವವರು ಯಾರು? ಹಲವು ದೇಶಗಳ ಆಡಿಟರ್‌ಗಳು ಈ ಕೆಲಸ ಕೈಗೆತ್ತಿಕೊಂಡರು. ನಮ್ಮ ಸಿಎಜಿಯೂ 2019ರಲ್ಲಿ ಭಾರತದ ತಯಾರಿ ಎಷ್ಟರಮಟ್ಟಿಗೆ ಇದೆ ಅಂತ ಒಂದು ವರದಿ ಕೊಟ್ಟಿತು. ಅದಕ್ಕೂ ಮೊದಲೇ, 2013ರಲ್ಲಿ, ಪರಿಸರ ಆಡಿಟ್ ಕಲಿಸಲು ಜೈಪುರದಲ್ಲಿ ಒಂದು ಅಂತರರಾಷ್ಟ್ರೀಯ ಕೇಂದ್ರವನ್ನೇ ತೆರೆದಿತ್ತು.

ಆದರೆ ಪರಿಸರ ಆಡಿಟ್ ಅಂದರೆ ಏನು ಅನ್ನುವುದು ಅರ್ಥವಾಗಬೇಕಾದರೆ ಜೈಪುರಕ್ಕೆ ಹೋಗಬೇಕಿಲ್ಲ, ಬೆಂಗಳೂರಿನ ರಾಜಕಾಲುವೆ ಸಾಕು. ಬೆಂಗಳೂರು ದೊಡ್ಡ ನದಿ ಇಲ್ಲದ ಊರು. ಹಿಂದಿನವರು ಎತ್ತರದಿಂದ ತಗ್ಗಿಗೆ ಸಾಲಾಗಿ ಕೆರೆ ಕಟ್ಟಿದ್ದರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಈ ಮಳೆನೀರಿನ ವ್ಯವಸ್ಥೆಯನ್ನು ಈಗ ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂಬ ಬಗ್ಗೆಯೇ ಸಿಎಜಿ 2021ರಲ್ಲಿ ಒಂದು ಸಾಧನಾ ವರದಿ ಕೊಟ್ಟಿತು. ಹಳೇ ದಾಖಲೆಯ ಜೊತೆ ಹೋಲಿಸಿದರೆ ಕಾಲುವೆಗಳ ಉದ್ದವೇ ಕುಗ್ಗಿದೆ, ಒತ್ತುವರಿ ಆಗಿದೆ, ಮಳೆನೀರಿನ ಕಾಲುವೆಗೆ ಕೊಳಚೆ ಹರಿಯುತ್ತಿದೆ, ಒಂದು ಕಾಲುವೆ ಇನ್ನೊಂದಕ್ಕೆ ಸರಿಯಾಗಿ ಕೂಡುತ್ತಿಲ್ಲ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು.

ಮುಂದಿನ ವರ್ಷ, 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ, ಮಳೆ ಸುರಿಯಿತು. ಹೊರವರ್ತುಲ ರಸ್ತೆ ಕೆರೆಯಾಯಿತು. ಐಟಿ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರ ದೇಶವೆಲ್ಲ ನೋಡಿತು. ವರದಿ ಭವಿಷ್ಯವನ್ನೇನೂ ಹೇಳಿರಲಿಲ್ಲ. ಯಾವ ದಿನ ಎಷ್ಟು ಮಳೆ ಬರುತ್ತದೆ ಅಂತ ಆಡಿಟರ್‌ಗೆ ಗೊತ್ತಿರುವುದಿಲ್ಲ. ನೀರು ಹೋಗುವ ದಾರಿ ಎಲ್ಲೆಲ್ಲಿ ಕಟ್ಟಿದೆ ಅಂತ ಮಾತ್ರ ಕಾಗದದಲ್ಲಿ ಬರೆದಿತ್ತು.

ಸಾಲದ ಲೆಕ್ಕವೂ ಇದೇ ಬಗೆಯದು. ಸರ್ಕಾರದ ಕೊರತೆ ಎಷ್ಟಿರಬಹುದು, ಸಾಲದ ಹೊಣೆ ಎಷ್ಟಿರಬಹುದು ಅಂತ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರಾಜ್ಯಗಳಲ್ಲಿ ಮೊದಲು ತಂದದ್ದು ಕರ್ನಾಟಕ, 2002ರಲ್ಲಿ. ಆ ಗೆರೆ ದಾಟಿದ್ದೀರಾ ಇಲ್ಲವಾ ಎಂದು ಪ್ರತಿ ವರ್ಷ ಅಳೆಯುವುದು ಸಿಎಜಿಯ ರಾಜ್ಯ ಹಣಕಾಸು ವರದಿ. ಆರಂಭದಲ್ಲಿ ಹೇಳಿದ ಶೇ 15 ಮತ್ತು 63,000 ಕೋಟಿ ಬಂದದ್ದು ಇಂಥ ವರದಿಯಲ್ಲೇ. ಗ್ಯಾರಂಟಿ ಬೇಕಾ ಬೇಡವಾ ಅನ್ನುವುದು ಆಡಿಟರ್ ತೀರ್ಮಾನ ಮಾಡುವ ವಿಷಯ ಅಲ್ಲ, ಅದು ಮತದಾರರ ಕೆಲಸ. ಆಡಿಟರ್ ಹೇಳುವುದು ಇಷ್ಟು: ಇಷ್ಟು ಬಂತು, ಇಷ್ಟು ಹೋಯಿತು, ಕಮ್ಮಿ ಬಿದ್ದದ್ದಕ್ಕೆ ಇಷ್ಟು ಸಾಲ ತಂದಿರಿ, ಕಟ್ಟಡ-ರಸ್ತೆಗಳಂಥ ಬಾಳಿಕೆಯ ಕೆಲಸಕ್ಕೆ ಉಳಿದದ್ದು ಇಷ್ಟು.

ಬೇರೆಯವರ ಮನೆಯಲ್ಲಿ

ಬ್ರೆಜಿಲ್‌ನಲ್ಲಿ ಲೆಕ್ಕ ನೋಡುವುದಕ್ಕೆ ಒಂದು ಲೆಕ್ಕಪತ್ರ ನ್ಯಾಯಮಂಡಳಿಯೇ ಇದೆ. ಸರ್ಕಾರ ಕೊಡಬೇಕಾದ ದುಡ್ಡನ್ನು ಸರ್ಕಾರಿ ಬ್ಯಾಂಕುಗಳ ಕೈಯಲ್ಲಿ ಕೊಡಿಸಿ, ತಾನು ತಡವಾಗಿ ತುಂಬಿ, ಕೊರತೆ ಕಡಿಮೆ ಇದ್ದ ಹಾಗೆ ತೋರಿಸಿದೆ ಎಂದು ಅದು 2015ರಲ್ಲಿ ಹೇಳಿತು. ಅಧ್ಯಕ್ಷೆ ಡಿಲ್ಮಾ ರೂಸೆಫ್ ಅವರ ಹಿಂದಿನ ವರ್ಷದ ಲೆಕ್ಕವನ್ನು ತಿರಸ್ಕರಿಸಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಅವರು ಮಹಾಭಿಯೋಗದಲ್ಲಿ ಅಧಿಕಾರ ಕಳೆದುಕೊಂಡರು. ಅದು ನ್ಯಾಯವೋ ರಾಜಕೀಯವೋ ಎಂದು ಅಲ್ಲಿ ಇನ್ನೂ ಜಗಳವಿದೆ. ನಮಗೆ ಇಲ್ಲಿ ಮುಖ್ಯವಾದದ್ದು, ಒಂದು ಆಡಿಟ್ ಕಾಗದ ಎಲ್ಲಿಯವರೆಗೆ ಹೋಗಬಹುದು ಅನ್ನುವುದು.

ದಕ್ಷಿಣ ಆಫ್ರಿಕಾದವರು ಬೇರೆ ದಾರಿ ಹಿಡಿದರು. ವರ್ಷ ವರ್ಷವೂ ಅದೇ ತಪ್ಪು ಬರೆದು ಬರೆದು ಸಾಕಾಗಿ, 2019ರ ಏಪ್ರಿಲ್‌ನಿಂದ ಆಡಿಟರ್ ಜನರಲ್‌ಗೆ ಹೊಸ ಅಧಿಕಾರ ಕೊಟ್ಟರು. ದೊಡ್ಡ ಅಕ್ರಮ ಕಂಡರೆ ಮೊದಲು ಕಚೇರಿ ಮುಖ್ಯಸ್ಥರಿಗೆ ತಿಳಿಸುತ್ತಾರೆ. ಸರಿ ಮಾಡದಿದ್ದರೆ ಇಂತಿಂಥದ್ದು ಮಾಡಿ ಎಂದು ಆದೇಶಿಸಬಹುದು. ಅದನ್ನೂ ಮಾಡದಿದ್ದರೆ ಕೊನೆಗೆ ನಷ್ಟವನ್ನು ಆ ಅಧಿಕಾರಿ ಸ್ವಂತ ಜೇಬಿನಿಂದ ತುಂಬಬೇಕೆಂದು ಪತ್ರ ಕೊಡುವ ಅವಕಾಶವೂ ಇದೆ.

ಘಾನಾದ ಕಥೆಯಲ್ಲಿ ಎರಡು ಮುಖ. ಅಕ್ರಮ ಖರ್ಚನ್ನು ಸಂಬಂಧಪಟ್ಟವರಿಂದಲೇ ವಸೂಲಿ ಮಾಡುವ ಅಧಿಕಾರ ಅಲ್ಲಿನ ಸಂವಿಧಾನದಲ್ಲೇ ಇತ್ತು. ಒಂದು ನಾಗರಿಕ ಸಂಘಟನೆ ಕೋರ್ಟಿಗೆ ಹೋಗಿ, 2017ರಲ್ಲಿ ಅದನ್ನು ಬಳಸಲೇಬೇಕು ಎಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿತು. ಆಡಿಟರ್ ಜನರಲ್ ಡೇನಿಯಲ್ ಡೊಮೆಲೆವೊ ಅದರಂತೆ ಕೆಲಸ ಮಾಡುತ್ತಿದ್ದಾಗ, 2020ರಲ್ಲಿ, ಬಾಕಿ ಇರುವ ರಜೆ ಮುಗಿಸಿಕೊಳ್ಳಿ ಎಂದು ಅವರನ್ನು ರಜೆ ಮೇಲೆ ಕಳುಹಿಸಲಾಯಿತು. ಹಾಗೆ ಕಳುಹಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟ್ ಹೇಳುವಷ್ಟರಲ್ಲಿ 2023 ಬಂದಿತ್ತು. ಅವರು ಆಗಲೇ ನಿವೃತ್ತರಾಗಿದ್ದರು.

ಕಣ್ಣಿದೆ, ಕೋಲಿಲ್ಲ

ನಮ್ಮ ಸಿಎಜಿಗೆ ದಕ್ಷಿಣ ಆಫ್ರಿಕಾದ ಅಧಿಕಾರ ಇಲ್ಲ. ಲೋಕಾಯುಕ್ತದವರ ಹಾಗೆ ದಾಳಿ ಮಾಡುವಂತಿಲ್ಲ, ಕೇಸು ಹಾಕುವಂತಿಲ್ಲ, ದಂಡ ವಿಧಿಸುವಂತಿಲ್ಲ. ವರದಿ ಬರೆದು ರಾಷ್ಟ್ರಪತಿಗೆ ಅಥವಾ ರಾಜ್ಯಪಾಲರಿಗೆ ಕೊಡುವುದು, ಅವರು ಸದನದ ಮುಂದೆ ಇಡಿಸುವುದು, ಇಷ್ಟೇ ದಾರಿ.

ಸದನದಲ್ಲಿ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಎಲ್ಲ ಪಕ್ಷದವರೂ ಇರುವ ಸಮಿತಿ ಇದು. ಸಂಸತ್ತಿನಲ್ಲಿ 1967ರಿಂದ ವಿರೋಧ ಪಕ್ಷದವರನ್ನೇ ಇದರ ಅಧ್ಯಕ್ಷರನ್ನಾಗಿ ಮಾಡುವ ರೂಢಿ ಇದೆ, ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವರೂ ಒಮ್ಮೆ ಆ ಕುರ್ಚಿಯಲ್ಲಿದ್ದರು. ಇಲ್ಲಿ ಹಿರಿಯ ಅಧಿಕಾರಿಗಳನ್ನು ಕರೆಸಿ "ಇದಕ್ಕೇನು ಹೇಳ್ತೀರಿ?" ಅಂತ ಕೇಳುತ್ತಾರೆ. ಮೇಷ್ಟ್ರ ಚೀಟಿ ಹಿಡಿದು ಊರ ಹಿರಿಯರು ಸಮಿತಿಯವರನ್ನು ಕೂರಿಸಿ ಕೇಳಿದ ಹಾಗೆ. ಹಿರಿಯರು ಕೂರದಿದ್ದರೆ? ಚೀಟಿ ಚೀಟಿಯಾಗಿಯೇ ಉಳಿಯುತ್ತದೆ.

ಇನ್ನೊಂದು ತೊಂದರೆ ಸಮಯದ್ದು. ವರದಿಯನ್ನು ಸದನದ ಮುಂದೆ ಇಡಬೇಕು ಎನ್ನುವ 151ನೇ ವಿಧಿ, ಎಷ್ಟು ದಿನದೊಳಗೆ ಅಂತ ಹೇಳುವುದಿಲ್ಲ. ದಿಲ್ಲಿ ವಿಧಾನಸಭೆಯಲ್ಲಿ 14 ಸಿಎಜಿ ವರದಿಗಳು ಮಂಡನೆಯಾಗದೆ ಕಾದಿದ್ದವು. 2025ರ ಫೆಬ್ರವರಿಯಲ್ಲಿ ಸರ್ಕಾರ ಬದಲಾದ ಮೇಲೆ ಒಂದೊಂದಾಗಿ ಹೊರಬಂದವು. ವರದಿ ಮಂಡನೆಯಾಗುವವರೆಗೆ ಅದರಲ್ಲಿ ಏನಿದೆ ಅಂತ ಜನರಿಗೆ ತಿಳಿಯುವುದಿಲ್ಲ.

ವರದಿಯ ಅಂಕಿಯನ್ನು ತೀರ್ಪು ಎಂದು ಓದುವ ತಪ್ಪೂ ನಡೆಯುತ್ತದೆ. ಮೊಬೈಲ್ ಕಂಪನಿಗಳಿಗೆ ಲೈಸೆನ್ಸ್ ಮತ್ತು ತರಂಗಾಂತರ ಹಂಚಿದ ಬಗ್ಗೆ ಬಂದ 2010ರ 2ಜಿ ವರದಿ ನೆನಪಿದೆಯಲ್ಲ? 1.76 ಲಕ್ಷ ಕೋಟಿ ರೂಪಾಯಿ ಎಂಬ ಅಂಕಿ ಎಲ್ಲರ ಬಾಯಲ್ಲಿತ್ತು. ಅದು ಯಾರೋ ಕದ್ದ ಹಣದ ಮೊತ್ತ ಅಲ್ಲ. ಬೇರೆ ರೀತಿಯಲ್ಲಿ ಮಾರಿದ್ದರೆ ಬರಬಹುದಾಗಿದ್ದ ಹಣದ ಅಂದಾಜು, ಅದೂ ಹಲವು ಅಂದಾಜುಗಳಲ್ಲಿ ಒಂದು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಜನ ಗೊಂದಲಕ್ಕೆ ಬಿದ್ದರು. ಹಂಚಿದ ರೀತಿ ತಪ್ಪು ಅನ್ನುವುದು ಒಂದು ಪ್ರಶ್ನೆ, ಇಂಥವರು ಅಪರಾಧ ಮಾಡಿದ್ದಾರೆ ಎಂದು ಸಾಕ್ಷಿ ಸಮೇತ ತೋರಿಸುವುದು ಇನ್ನೊಂದು. ಆಡಿಟ್ ಮೊದಲನೆಯದಕ್ಕೆ ಹತ್ತಿರ, ಎರಡನೆಯದು ತನಿಖೆ ಮತ್ತು ಕೋರ್ಟಿನ ಕೆಲಸ.

ವರದಿ ಕೈಗೆ ಸಿಕ್ಕರೆ

ಮಂಡನೆಯಾದ ವರದಿಗಳಲ್ಲಿ ಬಹುತೇಕ ಎಲ್ಲವೂ ಸಿಎಜಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕರ್ನಾಟಕದ ವರದಿಗಳು ಕನ್ನಡದಲ್ಲೂ ಇರುತ್ತವೆ. ಭಾಷೆ ಸ್ವಲ್ಪ ಕಚೇರಿಯದು, ಒಂದೊಂದು ವಾಕ್ಯ ಅರ್ಧ ಪುಟ ಓಡುತ್ತದೆ. ಹೆದರಬೇಡಿ. ಆರಂಭದಲ್ಲಿ ಕೆಲವು ಪುಟಗಳ ಸಾರಾಂಶ ಇರುತ್ತದೆ, ಮೊದಲು ಅದನ್ನು ಓದಿ. ಯಾವ ವರ್ಷದ ಲೆಕ್ಕ ಅಂತ ನೋಡಿಕೊಳ್ಳಿ, ಏಕೆಂದರೆ ಇವತ್ತು ಸುದ್ದಿಯಾದ ವರದಿ ಎರಡು ಮೂರು ವರ್ಷದ ಹಿಂದಿನ, ಕೆಲವು ಸಲ ಬೇರೆ ಪಕ್ಷದ ಸರ್ಕಾರದ ಕಾಲದ ಖರ್ಚಿನ ಬಗ್ಗೆ ಇರಬಹುದು. ಎಷ್ಟು ಜಿಲ್ಲೆ, ಎಷ್ಟು ಕಚೇರಿ ನೋಡಿದ್ದಾರೆ ಅನ್ನುವುದನ್ನೂ ಗಮನಿಸಿ.

ಆಮೇಲೆ ಒಂದು ಕಂಡಿಕೆ ಆರಿಸಿಕೊಂಡು ಅದರ ಕೊನೆಗೆ ಬನ್ನಿ. ಸಾಮಾನ್ಯವಾಗಿ ಅಲ್ಲಿ ಮೂರು ದನಿ ಕೇಳಿಸುತ್ತವೆ. ಆಡಿಟರ್ ಹೀಗಾಗಿದೆ ಅನ್ನುತ್ತಾರೆ. ಇಲಾಖೆ ಇಂಥ ಕಾರಣಕ್ಕೆ ಹಾಗಾಯಿತು ಅನ್ನುತ್ತದೆ. ಆ ಉತ್ತರವನ್ನು ಒಪ್ಪಬಹುದು ಅಥವಾ ಒಪ್ಪಲಾಗದು ಎಂದು ಆಡಿಟರ್ ಕಾರಣ ಸಮೇತ ಮತ್ತೆ ಬರೆದಿರುತ್ತಾರೆ. ಟಿವಿಯಲ್ಲಿ ಬರುವುದು ಮೊದಲನೇ ದನಿ ಮಾತ್ರ. ಕೆಲವು ಕಂಡಿಕೆಗಳಲ್ಲಿ ಇಲಾಖೆಯ ಜಾಗದಲ್ಲಿ ಒಂದೇ ಸಾಲು ಇರುತ್ತದೆ: ಸರ್ಕಾರದ ಉತ್ತರ ಇನ್ನೂ ಬಂದಿಲ್ಲ.